ಹಸಿರು ಸಹಿ ಮತ್ತು ನಾಲ್ಕು ಗಂಟೆಯ ಹಡಗು

ಧಾರಿಣಿಯವರ ಊರು ಚಿತ್ರದುರ್ಗ, ಮನೆ ಘಾಜಿಯಾಬಾದ್. ದಿಲ್ಲಿಯ ನಮ್ಮ ಕೇಂದ್ರ ಸರ್ಕಾರಿ ಕಚೇರಿಯ ರವಾನೆ ವಿಭಾಗದಲ್ಲಿ ಇಪ್ಪತ್ತಾರು ವರ್ಷಗಳಿಂದ ಗುಮಾಸ್ತೆ. ಅವರ ಎದುರು ಮೇಜು ನನ್ನದು. ಕಂಪ್ಯೂಟರ್ ಕೈಕೊಟ್ಟರೆ ನಾವೆಲ್ಲ ಚಹಾಕ್ಕೆ ಎದ್ದು ಹೋಗುತ್ತೇವೆ. ಈಕೆ ಮಾತ್ರ ಸೆರಗು ಸಿಕ್ಕಿಸಿಕೊಂಡು ಅದರ ಜೊತೆ ಜಗಳಕ್ಕೆ ಕೂರುತ್ತಾರೆ. ಸುಮ್ಮನೆ ಹಟ ಎಂದು ನಾನು ಗೇಲಿ ಮಾಡುತ್ತಿದ್ದೆ. ಕಳೆದ ಮಾರ್ಚ್‌ನಲ್ಲಿ ನನ್ನ ಬಾಯಿ ಮುಚ್ಚಿತು.

ಅಂದು ಮಧ್ಯಾಹ್ನ ಎರಡಕ್ಕೆ ಹನುಮಂತನ ಫೋನ್ ಬಂತು. ರಾಯಚೂರಿನವನು, ದೂರದ ದ್ವೀಪವೊಂದರಲ್ಲಿ ನಮ್ಮ ಇಲಾಖೆಯ ದೀಪಸ್ತಂಭ ನೋಡಿಕೊಳ್ಳುತ್ತಾನೆ. ಊರಿನಲ್ಲಿ ಹೆಂಡತಿಗೆ ಚೊಚ್ಚಲ ಹೆರಿಗೆ, ಅದೂ ತೊಡಕಾಗಿದೆ. ನಾಲ್ಕಕ್ಕೆ ಹಡಗು, ಅದು ತಪ್ಪಿದರೆ ಇನ್ನು ಹದಿನೈದು ದಿನಕ್ಕೆ. ರಜೆಯ ಆದೇಶ ಕೈಗೆ ಬರದೆ ಮೇಲ್ವಿಚಾರಕ ಬಿಡುವುದಿಲ್ಲ. ದ್ವೀಪದಲ್ಲಿ ಇಂಟರ್ನೆಟ್ ಸತ್ತು ಮೂರು ದಿನವಾಗಿದೆ. ಇರುವುದು ಫೋನು ಮತ್ತು ಫ್ಯಾಕ್ಸು.

“ಅಕ್ಕಾ, ಇವತ್ತು ತಪ್ಪಿದ್ರೆ ಅವಳ ಮುಖ ನೋಡ್ತೀನೋ ಇಲ್ವೋ.”

“ಅಳಬೇಡ. ಫೋನ್ ಇಡದೆ ಫ್ಯಾಕ್ಸ್ ಪಕ್ಕದಲ್ಲೇ ನಿಂತಿರು,” ಎಂದು ಧಾರಿಣಿ ಫೋನನ್ನು ಸ್ಪೀಕರಿಗೆ ಹಾಕಿದರು.

ಆದೇಶ ಸಿದ್ಧವಿತ್ತು. ಜಂಟಿ ಕಾರ್ಯದರ್ಶಿಯವರು ಸಹಿ ಮಾಡಿಕೊಟ್ಟು ವಿಮಾನ ನಿಲ್ದಾಣಕ್ಕೆ ಹೊರಟುಹೋಗಿದ್ದರು. ನಮ್ಮ ಫ್ಯಾಕ್ಸ್ ಯಂತ್ರ ಗುಜರಿ ಸೇರಿ ವರ್ಷವಾಗಿದೆ. ಈಗ ಇ-ಮೇಲ್‌ನಲ್ಲೇ ಫ್ಯಾಕ್ಸ್ ನಂಬರ್ ಹಾಕಿ, ಚಿತ್ರ ಲಗತ್ತಿಸಿ ಕಳಿಸಬೇಕು, ಒಂದು ಪ್ರೋಗ್ರಾಮು ಅದನ್ನು ಫ್ಯಾಕ್ಸಾಗಿ ಮುಟ್ಟಿಸುತ್ತದೆ. ಧಾರಿಣಿ ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸಿದರು. ಅಲ್ಲಿಗೆ ತಲುಪಿದ್ದು ಖಾಲಿ ಹಾಳೆ. ಫೋಟೋದ ನಮೂನೆ ಆ ಪ್ರೋಗ್ರಾಮಿಗೆ ಹಿಡಿಸಿರಲಿಲ್ಲ. ಬೇರೆ ನಮೂನೆಗೆ ಬದಲಾಯಿಸಿ ಕಳಿಸಿದರೆ ಹಾಳೆ ಪೂರ್ತಿ ಕಪ್ಪು! ಫೋಟೋದಲ್ಲಿ ಬಿದ್ದಿದ್ದ ನೆರಳೆಲ್ಲ ಮಸಿಯಾಗಿತ್ತು. ಆಮೇಲೆ ಸ್ಕ್ಯಾನ್ ಮಾಡಿ ಕಳಿಸಿದರು. ಅಕ್ಷರಗಳು ಮುತ್ತಿನಂತೆ ಮೂಡಿದವಂತೆ. ನಾನು ಚಪ್ಪಾಳೆ ತಟ್ಟಿದೆ.

“ಮೇಡಂ, ಸೈನ್ ಕಹಾಂ ಹೈ?” ಎಂದ ಮೇಲ್ವಿಚಾರಕ. ಸಹಿಯ ಜಾಗ ಬೆಳ್ಳಗಿತ್ತು. ಸಹಿಯಿಲ್ಲದ ಕಾಗದಕ್ಕೆ ಆತ ಮನುಷ್ಯನನ್ನು ಬಿಡಲಾರ.

ಗಂಟೆ ಮೂರು ಇಪ್ಪತ್ತು. ಕಂಪ್ಯೂಟರ್ ವಿಭಾಗದ ಮನೋಜ್‌ಗೆ ಇಂಟರ್‌ಕಾಮ್‌ನಲ್ಲಿ ಫೋನ್ ಮಾಡಿದರೆ, “ರೀಸ್ಟಾರ್ಟ್ ಮಾಡಿ ನೋಡಿ ಆಂಟಿ,” ಎಂದು ಇಟ್ಟುಬಿಟ್ಟ. ಸಿಟ್ಟು ನೆತ್ತಿಗೇರಿತು ನನಗೆ. ಧಾರಿಣಿ ಮಾತ್ರ ಆದೇಶವನ್ನು ಕಿಟಕಿಯ ಬೆಳಕಿಗೆ ಹಿಡಿದು ದಿಟ್ಟಿಸುತ್ತಿದ್ದರು. ಇದ್ದಕ್ಕಿದ್ದಂತೆ ಹಣೆ ಚಚ್ಚಿಕೊಂಡರು.

“ಅಯ್ಯೋ, ಹಸಿರು ಶಾಯಿ ಕಣ್ರೀ!”

ನಮ್ಮಲ್ಲಿ ಹಸಿರು ಶಾಯಿ ದೊಡ್ಡ ಅಧಿಕಾರಿಗಳ ಗತ್ತು. ಸಾಹೇಬರ ಪೆನ್ನಿನ ತಿಳಿಹಸಿರು ನಮ್ಮ ಕಣ್ಣಿಗೆ ಕಾಣುತ್ತದೆ. ಕಪ್ಪು, ಬಿಳುಪು ಎರಡನ್ನೇ ಬಲ್ಲ ಫ್ಯಾಕ್ಸಿಗೆ ಅದೂ ಬಿಳಿಯೇ. ಇಷ್ಟು ವರ್ಷ ಆ ಸಹಿಗಳನ್ನು ನೋಡಿಯೂ ನನಗೆ ಹೊಳೆಯಲಿಲ್ಲವಲ್ಲ!

ಧಾರಿಣಿ ಜೆರಾಕ್ಸ್ ಯಂತ್ರದತ್ತ ಓಡಿದರು, ಹಿಂದೆ ನಾನು. ಛಾಯೆಯನ್ನು ಪೂರ್ತಿ ಗಾಢಕ್ಕೆ ತಿರುಗಿಸಿ ಒಂದು ಪ್ರತಿ ತೆಗೆದರು. ಸಹಿ ಕಪ್ಪಗೆ ಎದ್ದು ಬಂತು! ಅದನ್ನೇ ಸ್ಕ್ಯಾನ್ ಮಾಡಿ, ಲಗತ್ತಿಸಿ ಕಳಿಸಿದರು. ಫ್ಯಾಕ್ಸ್ ಲೈನ್ ಬ್ಯುಸಿ. ಮತ್ತೆ ಕಳಿಸಿದರು. ಮೂರು ಐವತ್ತೊಂದಕ್ಕೆ ಹೋಯಿತು.

ಸ್ಪೀಕರಿನಲ್ಲಿ ಮೇಲ್ವಿಚಾರಕನ ಕೂಗು ಕೇಳಿತು: “ಆ ಗಯಾ! ಭಾಗ್ ಹನುಮಂತ, ಭಾಗ್!” ಚಪ್ಪಲಿ ಬಡಿಯುವ ಸದ್ದು, ಬಾಗಿಲು ದಢಾರೆಂದ ಸದ್ದು. ಆಮೇಲೆ ಏನೂ ಇಲ್ಲ. ನಾವಿಬ್ಬರೂ ಫೋನಿನತ್ತ ಬಾಗಿ ಕೂತೆವು. ಇಡೀ ವಿಭಾಗ ಬಂದು ಸುತ್ತ ನಿಂತಿತು.

ನಾಲ್ಕು ಗಂಟೆಗೆ ಹಡಗಿನ ಕೂಗು ಕೇಳಿಸಿತು. ಆಮೇಲೆ ಕಿಟಕಿ ತೆರೆದ ಸದ್ದು, ಮೇಲ್ವಿಚಾರಕನ ನಗು. ಹನುಮಂತ ಹತ್ತಿದನಂತೆ. ಹಡಗಿನ ಅಂಚಿನಲ್ಲಿ ನಿಂತು ಕೈ ಬೀಸುತ್ತಿದ್ದಾನಂತೆ.

ಧಾರಿಣಿ ಕಣ್ಣೊರೆಸಿಕೊಳ್ಳದೆ, ಆ ಫೋನಿನ ಕಡೆ ಕೈ ಎತ್ತಿ ಬೀಸಿದರು.