ಟರ್ಬೊ ಬಾಯಿಗೆ ಚೆಂಡುಹೂ

ಶಿವಪುತ್ರನ ಹೆಸರೆತ್ತಿದರೆ ನನಗೆ ಹೊಟ್ಟೆ ಉರಿಯುತ್ತದೆ. ಸುಳ್ಳು ಯಾಕೆ ಹೇಳಲಿ? ಶೆಟ್ಟಿಹಳ್ಳಿಯಲ್ಲಿ ನಮ್ಮಪ್ಪನದೇ ಜಾಗ, ನಮ್ಮಪ್ಪನದೇ ಎರಡು ಶೆಡ್ಡು. ಒಂದರಲ್ಲಿ ನನ್ನ ಗ್ಯಾರೇಜು, ಇನ್ನೊಂದರಲ್ಲಿ ಬಾಡಿಗೆಗೆ ಅವನು. ಜಮಖಂಡಿಯಿಂದ ಪೀಣ್ಯಕ್ಕೆ ಲೇತ್ ಕೆಲಸಕ್ಕೆ ಬಂದವನು, ಆಮೇಲೆ ಎಂಜಿನ್ ಕೆಲಸಕ್ಕೆ ಇಳಿದ. ಈಗ ಯಲಹಂಕ, ಹೆಬ್ಬಾಳದ ಸ್ಪೋರ್ಟ್ಸ್ ಕಾರುಗಳೆಲ್ಲ ನನ್ನ ಬಾಗಿಲು ದಾಟಿಕೊಂಡು ಅವನ ಹತ್ತಿರ ಹೋಗುತ್ತವೆ. ನನ್ನ ಪಾಲಿಗೆ ಕ್ಯಾಬುಗಳ ಕ್ಲಚ್ ಪ್ಲೇಟು.

ಗಿರಾಕಿಗಳ ಮಾತು ಬಿಡಿ. ನಮ್ಮಪ್ಪ ಮುನಿನಾರಾಯಣಪ್ಪ ಬೆಳಗ್ಗೆ ಕಾಫಿ ಕುಡಿದು ನೆಟ್ಟಗೆ ಹೋಗಿ ಕೂರುವುದೂ ಅವನ ಶೆಡ್ಡಿನಲ್ಲೇ! ಮುದ್ದೆ ಬಿಟ್ಟು ಬೇರೇನೂ ಮುಟ್ಟದ ಮನುಷ್ಯ, ಶಿವಪುತ್ರನ ತಾಯಿ ಸಂಗವ್ವ ಕೊಡುವ ಜೋಳದ ರೊಟ್ಟಿಯನ್ನು ಚಪ್ಪರಿಸಿ ತಿನ್ನುತ್ತಾನೆ. ನನ್ನ ಶೆಡ್ಡಿನಲ್ಲಿ ಅವನಿಗೆಂದೇ ಇಟ್ಟ ಕುರ್ಚಿ ಧೂಳು ಹಿಡಿದಿದೆ. ಕೇಳಿದರೆ, "ಅವ್ನು ಕೆಲ್ಸ ಮಾಡೋದ್ ನೋಡೋದೇ ಒಂದ್ ಸಂತೋಸ ಕಣ್ಲಾ" ಅನ್ನುತ್ತಾನೆ. ನಾನು ಮಾಡುವುದೇನು, ಕಡ್ಲೆಪುರಿ ವ್ಯಾಪಾರವೇ?

ಈ ಸಲ ಅವನ ಕೈಗೆ ಬಂದದ್ದು ಹೇಮಂತ ಅನ್ನುವವರ ಕೆಂಪು ಕಾರು. ಎರಡೇ ಸೀಟು, ಓಡಿಸುವುದು ರೇಸ್ ಟ್ರ್ಯಾಕಿನಲ್ಲಷ್ಟೇ. ಗಾಳಿಯನ್ನು ತಾನಾಗಿಯೇ ಎಳೆದುಕೊಳ್ಳುವ ಆ ಎಂಜಿನ್ನಿಗೆ ಟರ್ಬೊ ಕೂರಿಸಬೇಕಿತ್ತು. ಎಂಜಿನ್ ಉಗುಳುವ ಹೊಗೆಯ ರಭಸಕ್ಕೆ ಟರ್ಬೊ ತಿರುಗಿ, ಹೊರಗಿನ ಗಾಳಿಯನ್ನು ಒತ್ತಿ ಒತ್ತಿ ಒಳಗೆ ತುಂಬುತ್ತದೆ. ಆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗದಿದ್ದರೆ ಪಿಸ್ಟನ್ನೇ ತೂತು ಬೀಳುತ್ತದೆ. ಶಿವಪುತ್ರ ಬೋಲ್ಟ್ ಬಿಗಿಯುವಾಗ ಯಾರೂ ಮಾತಾಡುವಂತಿಲ್ಲ. ಊರಿಗೆಲ್ಲ ಬಾಯಿ ಮಾಡುವ ನಮ್ಮಪ್ಪ ತುಟಿ ಬಿಚ್ಚದೆ ಕೂತಿದ್ದ! ಪೈಪಿನ ವೆಲ್ಡಿಂಗ್ ಮೇಲೆ ನಾನು ಬೆರಳಾಡಿಸಿ ನೋಡಿದೆ. ಒಂದು ತಪ್ಪೂ ಸಿಗಲಿಲ್ಲ, ದರಿದ್ರದ್ದು.

ಮೊದಲ ಸಲ ಸ್ಟಾರ್ಟ್ ಮಾಡುವುದನ್ನು ಆಯುಧಪೂಜೆಯ ದಿನಕ್ಕೇ ಇಟ್ಟುಕೊಂಡಿದ್ದ. ಬಾನೆಟ್ ಎತ್ತಿಯೇ ಇತ್ತು. ಏರ್ ಫಿಲ್ಟರ್ ಇನ್ನೂ ಹಾಕಿರಲಿಲ್ಲ. ಗಾಳಿ ಎಳೆದುಕೊಳ್ಳುವ ಟರ್ಬೊ ಬಾಯಿಗೆ ಕಟ್ಟಿದ್ದ ಬಟ್ಟೆಯನ್ನು ಅವನೇ ಬಿಚ್ಚಿ ಹೋಗಿ ಸೀಟಿನಲ್ಲಿ ಕೂತ. ಸಂಗವ್ವ ಎಂಜಿನ್ನಿಗೆ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿದರು. ಹಾರದ ತುದಿ ಜಾರಿ ಆ ತೆರೆದ ಬಾಯಿಯ ಮುಂದೆ ಜೋತುಬಿತ್ತು. ಎತ್ತಿದ ಬಾನೆಟ್ಟಿನ ಹಿಂದೆ ಕೂತವನಿಗೆ ಅದು ಕಾಣುವಂತಿರಲಿಲ್ಲ. ಪಕ್ಕದಲ್ಲಿದ್ದ ನನಗೆ ಕಂಡಿತು.

ಹಾರವನ್ನು ದಾರದ ಸಮೇತ ಎಳೆದುಕೊಂಡರೆ ಟರ್ಬೊ ಕಥೆ ಮುಗಿದಂತೆ. ಹಾಳಾಗಲಿ, ಅಪ್ಪನೂ ಕಣ್ತುಂಬ ನೋಡಲಿ ಅಂದಿತು ಮನಸ್ಸು. ಕೈ ಕೇಳಬೇಕಲ್ಲ! ಶಿವಪುತ್ರ ಕೀ ತಿರುಗಿಸುವುದಕ್ಕೂ ನಾನು ನುಗ್ಗಿ ಹಾರ ಕಿತ್ತೆಸೆಯುವುದಕ್ಕೂ ಸರಿಹೋಯಿತು.

"ಯವ್ವಾ! ಪೂಜಿ ಹೂ ಹರದು ಒಗದನಲ್ಲಪ್ಪಾ!" ಎಂದು ಸಂಗವ್ವ ಬಾಯಿ ಬಡಿದುಕೊಂಡರು.

"ಥೂ! ಒಟ್ಟೆಕಿಚ್ಚಿಗೂ ಒಂದ್ ಮಿತಿ ಬ್ಯಾಡವೇನ್ಲಾ? ಓಗಾಚೆ!" ನಮ್ಮಪ್ಪ ಎಲ್ಲರೆದುರು ಕೂಗಿದ.

ಶಿವಪುತ್ರ ಎಂಜಿನ್ ಆರಿಸಿ ಇಳಿದು ಬಂದ. ಟರ್ಬೊ ಅಂಚಿಗೆ ಅಂಟಿದ್ದ ಎಸಳನ್ನು ಬೆರಳಲ್ಲಿ ತೆಗೆದು, ನನ್ನ ಮುಖ ನೋಡಿದ. "ಪುನೀತ, ನೀನ ಚಾಲೂ ಮಾಡು" ಅಂದ.

ಮಾಡಿದೆ. ಒಂದೇ ಸಲಕ್ಕೆ ಹಿಡಿಯಿತು. ಆಕ್ಸಿಲರೇಟರ್ ಒತ್ತಿದಾಗ ಸುಂಯ್ ಎಂದು ಎದ್ದ ಆ ಸದ್ದಿಗೆ ನನ್ನ ಮೈ ಜುಮ್ಮೆಂದಿತು. ಅಯ್ಯೋ, ಇಂಥದ್ದು ನನ್ನ ಕೈಯಿಂದ ಯಾಕೆ ಬರಲಿಲ್ಲ!

"ಕಾಕಾ," ಶಿವಪುತ್ರ ನಮ್ಮಪ್ಪನಿಗೆ ಹೇಳಿದ, "ಹೂ ಒಳಗ ಹೋಗಿದ್ರ ಟರ್ಬೊ ಪುಡಿಪುಡಿ ಆಗ್ತಿತ್ರಿ. ಇದನ್ನ ಉಳಿಸಿದಾಂವ ಪುನೀತ."

"ಔದಾ?" ನಮ್ಮಪ್ಪ ನನ್ನ ಕಡೆ ತಿರುಗಿದ. ಎಷ್ಟು ವರ್ಷವಾಗಿತ್ತೋ ಅವನು ನನ್ನನ್ನು ಹಾಗೆ ನೋಡಿ. ನಾನು ಎದೆ ಸೆಟೆಸಿ ನಿಂತೆ.

ಅಪ್ಪನ ಕೈ ಮೇಲೆದ್ದಿತು. ಹೋಗಿ ಶಿವಪುತ್ರನ ಬೆನ್ನು ತಟ್ಟಿತು.

"ನೋಡ್ಲಾ ಪುನೀತ, ಎಂತಾ ದೊಡ್ ಮನ್ಸು ಇವಂದು! ಇದ್ದುದ್ ಇದ್ದಂಗೆ ಯೋಳ್ಬುಟ್ಟ. ಕಲ್ತ್ಕೊ."