ಎರಡು ಬ್ಯಾಂಡಿಗೆ ಒಂದು ಫೈಲು

ಕುರುಗೋಡಿನ ಆ ಮದುವೆಗೆ ಗಂಡಿನವರು ನಮ್ಮ ಬಳ್ಳಾರಿ ಬ್ಯಾಂಡಿಗೆ ಹೇಳಿದ್ದರು, ಹೆಣ್ಣಿನವರು ಸಿರುಗುಪ್ಪದ ಬ್ಯಾಂಡಿಗೆ. ಬೀಗರನ್ನು ಎದುರುಗೊಳ್ಳುವಾಗ ಎರಡು ಬ್ಯಾಂಡು ಎದುರುಬದುರು ನಿಂತರೆ ಜಿದ್ದಾಜಿದ್ದಿ ಇದ್ದದ್ದೇ. ಈ ಸಲ ಹೆಣ್ಣಿನ ತಂದೆ ಮೊದಲೇ ಹೇಳಿಬಿಟ್ಟರು: "ಜಿದ್ದು ಬ್ಯಾಡ್ರಿ. ಇಬ್ರೂ ಕೂಡಿ ಒಂದ ಹಾಡು ನುಡಸ್ರಿ. ಒಂದಕ್ಕೊಂದು ಹೊಂದಲಿಲ್ಲಂದ್ರ ಇಬ್ರನ್ನೂ ಹಂಗ ಹಿಂದಕ್ಕ ಕಳಸ್ತೀನಿ."

ಸಿರುಗುಪ್ಪದ ಬ್ಯಾಂಡ್ ಮಾಸ್ತರನೂ ನಾನೂ ಒಬ್ಬರೇ ಗುರುಗಳ ಹತ್ತಿರ ಕ್ಲಾರಿನೆಟ್ ಕಲಿತವರು. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಗೆರೆಗಳ ಮೇಲೆ ಸ್ವರ ಬರೆಯುವುದನ್ನು ಗುರುಗಳು ಹೇಳಿಕೊಟ್ಟರು. ಅದನ್ನೇ ಕಂಪ್ಯೂಟರಿನಲ್ಲಿ ಬರೆಯುವುದನ್ನು ಯಾರೂ ಹೇಳಿಕೊಡಲಿಲ್ಲ, ಕೆಡಿಸಿ ಕೆಡಿಸಿ ನಾನೇ ಕಲಿತೆ. ಅವನೂ ಹಾಗೆಯೇ ಕಲಿತ. ಆದರೆ ಅವನದೊಂದು ಸಾಫ್ಟ್‌ವೇರ್, ನನ್ನದು ಇನ್ನೊಂದು.

ಹಾಡು ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

"ನನ್ನ ಸಾಫ್ಟ್‌ವೇರ್ ಹಾಕ್ಕೊಂಡು ಬರಿ ಲೇ, ತಕರಾರ ಇರಂಗಿಲ್ಲ," ಎಂದ ಅವನು ಫೋನಿನಲ್ಲಿ.

"ನೀನ ನಂದು ಹಾಕ್ಕೋ."

"ನಿಂದು ನಂಗ ಸೇರಂಗಿಲ್ಲ."

ಇವನ ಮುಂದೆ ಎಷ್ಟು ಸಲ ತಲೆ ಚಚ್ಚಿಕೊಂಡಿದ್ದೇನೋ! ಮ್ಯೂಸಿಕ್ ಎಕ್ಸ್‌ಎಂಎಲ್ ಎಂಬ ಒಂದು ಬಗೆಯ ಫೈಲಿದೆ. ಅದು ಯಾವುದೋ ಒಂದು ಸಾಫ್ಟ್‌ವೇರಿಗೆ ಕಟ್ಟುಬಿದ್ದದ್ದಲ್ಲ. ಯಾವ ಸ್ವರ, ಎಷ್ಟು ಹೊತ್ತು, ಯಾವ ವಾದ್ಯಕ್ಕೆ ಎಂಬುದನ್ನೆಲ್ಲ ಅದರಲ್ಲಿ ಬಿಡಿಸಿ ಬರೆದಿರುತ್ತದೆ. ಅವನ ಸಾಫ್ಟ್‌ವೇರೂ ಅದನ್ನು ಓದುತ್ತದೆ, ನನ್ನದೂ ಓದುತ್ತದೆ. ಆದರೂ ಈ ಪುಣ್ಯಾತ್ಮ ತನ್ನ ಹಾಡು ಕಳಿಸಬೇಕಾದಾಗಲೆಲ್ಲ ಕಂಪ್ಯೂಟರ್ ಪರದೆಯ ಫೋಟೊ ಹೊಡೆದು ಕಳಿಸುತ್ತಾನೆ. ಸ್ವರಗಳ ಮೇಲೆ ಟ್ಯೂಬ್‌ಲೈಟ್ ಹೊಳೆಯುತ್ತಿರುತ್ತದೆ. ನಾನು ಕಣ್ಣು ಕಿರಿದು ಮಾಡಿಕೊಂಡು ಮತ್ತೆ ಮೊದಲಿನಿಂದ ಕುಟ್ಟಬೇಕು.

ಈ ಸಲ ಬಿಡಲಿಲ್ಲ. ಆ ಫೈಲನ್ನೇ ಕಳಿಸಿದೆ, ಅವನು ತೆರೆಯುವ ತನಕ ಫೋನ್ ಇಡಲಿಲ್ಲ.

"ಎಲ್ಲಾ ಬಂದಾವಲೇ!" ಎಂದ. ನನ್ನ ಮನಸ್ಸು ಹಗುರಾಯಿತು.

ಮರುದಿನ ಅವನೇ ಫೋನ್ ಮಾಡಿದ. "ನಿನ್ನ ಫೈಲಿನ್ಯಾಗ ಕ್ಲಾರಿನೆಟ್ ತಪ್ಪಿತ್ತು. ನಾನ ಸರಿ ಮಾಡೀನಿ. ಚಿಂತಿ ಮಾಡಬ್ಯಾಡ."

ನನ್ನ ಫೈಲಿನಲ್ಲಿ ತಪ್ಪೇನೂ ಇರಲಿಲ್ಲ. ಕ್ಲಾರಿನೆಟ್ ಬರೆದದ್ದಕ್ಕಿಂತ ಒಂದು ಸ್ವರ ಕೆಳಗೆ ನುಡಿಯುವ ವಾದ್ಯ. ಅದಕ್ಕೆ ಒಂದು ಸ್ವರ ಮೇಲೆಯೇ ಬರೆಯಬೇಕು. ಆ ಸೂಚನೆ ಫೈಲಿನೊಳಗೇ ಇತ್ತು. ಅವನ ಸಾಫ್ಟ್‌ವೇರ್ ಪರದೆಯ ಮೇಲೆ ಕಿವಿಗೆ ಕೇಳುವ ಸ್ವರವನ್ನು ತೋರಿಸಿ, ಪ್ರಿಂಟ್ ಹಾಕುವಾಗ ತಾನೇ ಏರಿಸಿಕೊಳ್ಳುತ್ತದೆ. ನಾನು ಏರಿಸುವುದನ್ನು ಮರೆತಿದ್ದೇನೆಂದು ಇವನು ಕೈಯಾರೆ ಏರಿಸಿದ್ದ. ಪ್ರಿಂಟಿನಲ್ಲಿ ಅದು ಮತ್ತೊಂದು ಸಲ ಏರಿತ್ತು.

"ಯಾರು ಮುಟ್ಟು ಅಂದಿದ್ರಲೇ ನಿಂಗ?"

"ಕ್ಲಾರಿನೆಟ್ ನೀನೊಬ್ನ ಕಲ್ತಿಯೇನು? ಸಿರಿಗೇರಿಯಿಂದ ಬರೋ ನಮ್ಮ ಕ್ಲಾರಿನೆಟ್ಟಿನೋರಿಗೂ ಪ್ರಿಂಟ್ ಮುಟ್ಟಿಸೀನಿ," ಎಂದು ಫೋನ್ ಇಟ್ಟ.

ಲಗ್ನದ ಹಂಗಾಮು. ಕೂಡಿ ನುಡಿಸಿ ನೋಡಲು ಇಬ್ಬರಿಗೂ ಬಿಡುವಾಗಲಿಲ್ಲ. ಮದುವೆಯ ಬೆಳಿಗ್ಗೆ ಕಲ್ಯಾಣ ಮಂಟಪದ ಹಿಂದೆ ಒಂದು ಸಲ ನುಡಿಸಿದೆವು. ಟ್ರಂಬೋನ್ ಒಂದು ದಾರಿ ಹಿಡಿದರೆ ಅವನ ಕ್ಲಾರಿನೆಟ್ಟುಗಳು ಇನ್ನೊಂದು ದಾರಿ. ಅಡುಗೆಯವರು ಸೌಟು ಹಿಡಿದುಕೊಂಡೇ ಹೊರಗೆ ಬಂದರು.

"ನಿಮ್ಮ ಟ್ರಂಬೋನ್ ಶ್ರುತಿ ಇಳದಾವ," ಎಂದ ಅವನು.

"ನಿಮ್ಮ ಟ್ರಂಬೋನೂ ಇಳದಾವೇನು? ಅವೂ ನಮ್ಮ ಕೂಡ ಅದಾವ, ಕೇಳು."

ಅವನು ಕ್ಲಾರಿನೆಟ್ಟಿನ ಬಾಯಿಗಿದ್ದ ರೀಡ್ ಪಟ್ಟಿಯನ್ನು ಬಿಚ್ಚಿ ಒರೆಸತೊಡಗಿದ. ತಪ್ಪಾಯಿತು ಎಂಬ ಮಾತು ಆ ಬಾಯಿಂದ ಬರುವುದಿಲ್ಲ, ನನಗೆ ಗೊತ್ತು. ಅಷ್ಟರಲ್ಲಿ ಗಂಡಿನವರ ಬಸ್ಸು ಬಂದೇಬಿಟ್ಟಿತು. ಇನ್ನು ಪ್ರಿಂಟ್ ಹಾಕಿಸುವ ಮಾತೆಲ್ಲಿ?

"ಬರ್ರಿ, ಎಲ್ರೂ ಈ ಕಡೆ ಬರ್ರಿ," ಎಂದು ಅವನ ಕ್ಲಾರಿನೆಟ್ಟಿನವರನ್ನು ನಮ್ಮ ಸಾಲಿಗೆ ಎಳೆದೆ. ಮುಂದೆ ನಿಂತವನ ಬೆನ್ನಿಗೆ ಕಾಗದವನ್ನು ಪಿನ್ನು ಹಾಕಿ ಓದುವುದು ನಮ್ಮ ರೂಢಿ. ಈಗ ನಮ್ಮ ಸರಿ ಪ್ರಿಂಟಿದ್ದ ಒಂದೊಂದು ಬೆನ್ನಿಗೆ ಇಬ್ಬಿಬ್ಬರಾದರು. ನಮ್ಮ ಕೆಂಪು ಕೋಟು, ಅವರ ನೀಲಿ ಕೋಟು ಕಲಸಿಹೋದವು. ಹೆಣ್ಣಿನ ತಂದೆ ಹಾರ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಕಣ್ಣು ಬೀಗರ ಕಡೆ, ಕಿವಿ ನಮ್ಮ ಕಡೆ.

ಹಾಡು ಹೊರಟಿತು. ಒಂದೇ ದನಿ. ಅವರು ತಲೆಯಾಡಿಸಿ ಹಾರ ಹಾಕಲು ಮುಂದೆ ನಡೆದರು.

ನನ್ನ ಭುಜಕ್ಕೆ ಭುಜ ಒತ್ತಿ ನಿಂತಿದ್ದ ಸಿರುಗುಪ್ಪದ ಮಾಸ್ತರ ಉಸಿರು ತೆಗೆದುಕೊಳ್ಳುವ ಸಂದಿನಲ್ಲಿ ನನ್ನ ಕಿವಿಗೆ ಬಗ್ಗಿದ.

"ಲೇ, ಇಷ್ಟು ಸಣ್ಣ ಪ್ರಿಂಟ್ ಹಾಕೀಯಲ್ಲ, ಯಾರಿಗೆ ಕಾಣಬೇಕಿದು?"

ನನ್ನ ಬಾಯಲ್ಲಿ ಕ್ಲಾರಿನೆಟ್ಟಿತ್ತು. ಅವನ ಪುಣ್ಯ.