ಇಲ್ಲದ ಅಣ್ಣ

ಈಜುಕೊಳದ ಮಕ್ಕಳು ತಮ್ಮ ಕೋಚನ್ನು ಬೆನ್ನ ಹಿಂದೆ ಕರೆಯುತ್ತಿದ್ದುದು ಮೊಸಳೆ ಮೇಡಂ ಎಂದು. ನೀರಿಗಿಳಿಯಲು ಹೆದರಿ ಅಂಚಿನಲ್ಲಿ ನಿಂತವರ ಕಾಲನ್ನು ಅವರು ಕೆಳಗಿನಿಂದ ಮೆಲ್ಲಗೆ ಹಿಡಿದೆಳೆಯುತ್ತಿದ್ದರು, ಹೆಸರು ಅಲ್ಲಿಂದ ಬಂತು. ಗಂಟಲು ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು. ಮಕ್ಕಳು ಎಲ್ಲಿ ಗೆದ್ದರೂ ಡಂಗುರ ಸಾರದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಕ್ಲಬ್ಬಿನ ಆನ್‌ಲೈನ್ ಪುಟದಲ್ಲಿ ಫೋಟೊ ಹಾಕಿ, ಯಾವ ಶಾಲೆ, ಅಭ್ಯಾಸ ಎಷ್ಟು ಹೊತ್ತಿಗೆ, ಅಪ್ಪ ಏನು ಕೆಲಸ ಮಾಡುತ್ತಾರೆ ಎಂಬುದನ್ನೆಲ್ಲ ಬಾಯ್ತುಂಬ ಬರೆಯುತ್ತಿದ್ದರು.

ಅವರ ಅಚ್ಚುಮೆಚ್ಚಿನವಳು ಬಡಗಿಯೊಬ್ಬನ ಮಗಳು, ಒಂಬತ್ತನೇ ಕ್ಲಾಸಿನವಳು. ನೀರಿಗೆ ಹಾರಿದರೆ ಸದ್ದೇ ಆಗದು. ಅದಕ್ಕೇ ಮೇಡಂ ಅವಳನ್ನು ಮಿಂಚುಳ್ಳಿ ಎನ್ನುತ್ತಿದ್ದರು. ಅದೂ ಪುಟದಲ್ಲಿತ್ತು.

ಒಂದು ಸಂಜೆ ಅಭ್ಯಾಸ ಮುಗಿದು ಮಕ್ಕಳೆಲ್ಲ ಹೊರಟುಹೋಗಿದ್ದರು. ಮಿಂಚುಳ್ಳಿ ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಮೆಟ್ಟಿಲ ಬಳಿ ಅಪ್ಪನಿಗಾಗಿ ಕಾಯುತ್ತಿದ್ದಳು. ಒಳಗೆ ಮೇಡಂ ಬೀರುವಿಗೆ ಬೀಗ ಹಾಕುತ್ತಿದ್ದಾಗ ಅಂಗಳಕ್ಕೆ ಕಾರೊಂದು ಬಂದ ಸದ್ದಾಯಿತು. ಆಮೇಲೆ ಗಂಡಸಿನ ದನಿ.

"ಮಿಂಚುಳ್ಳಿ ಅಲ್ವೇನಮ್ಮ? ನಿಮ್ಮಪ್ಪಂಗೆ ಮರ ಕುಯ್ಯೋ ಮಷೀನಿಗೆ ಕೈ ಸಿಕ್ಕಿ ಏಟಾಗಿದೆ. ಆಸ್ಪತ್ರೆಗೆ ಸೇರಿಸಿ ಬಂದೆ. ಬೇಗ ಹತ್ತು."

ಮೇಡಂ ಬೀಗ ಅಲ್ಲೇ ಬಿಟ್ಟು ಬಾಗಿಲ ಕಡೆ ಓಡಿದರು. ಅಷ್ಟರಲ್ಲಿ ಹುಡುಗಿ ಕೇಳುವುದು ಕಿವಿಗೆ ಬಿತ್ತು: "ಅಣ್ಣಂಗೆ ಗೊತ್ತಾಯ್ತಾ?"

"ಅವನೇ ನನ್ನ ಕಳಿಸಿದ್ದು. ಅಪ್ಪನ ಪಕ್ಕದಲ್ಲೇ ಕೂತಿದಾನೆ, ಪಾಪ."

"ಬ್ಯಾಗ್ ಒಳಗಿದೆ. ತಗೊಂಡು ಬಂದೆ, ಇರಿ."

ಇವಳಿಗೆಲ್ಲಿಯ ಅಣ್ಣ? ಒಬ್ಬಳೇ ಮಗಳಲ್ಲವೇ? ಮೇಡಂಗೆ ಅದು ಹೊಳೆಯುವಷ್ಟರಲ್ಲಿ ಹುಡುಗಿ ಒಳಬಂದು ಚಿಲಕ ಜಡಿದಿದ್ದಳು. ಮುಖ ಬಿಳಿಚಿಕೊಂಡಿತ್ತು, ಮಾತು ಮಾತ್ರ ಗಟ್ಟಿಯಾಗಿತ್ತು.

"ಅವನು ಸುಳ್ಳು ಹೇಳ್ತಿದಾನೆ ಮೇಡಂ. ಅಪ್ಪಂಗೆ ಫೋನ್ ಮಾಡಿ."

ಮೇಡಂ ಮೊದಲು ಕಿಟಕಿಗೆ ಬಾಯಿಟ್ಟು, "ಗೇಟ್ ಹಾಕಪ್ಪಾ" ಎಂದು ವಾಚ್‌ಮನ್‌ಗೆ ಕೂಗಿದರು. ಆ ಗಂಟಲಿಗೆ ವಾಚ್‌ಮನ್ ಅಷ್ಟೇ ಅಲ್ಲ, ಎದುರಿನ ಗ್ಯಾರೇಜಿನವರೂ ಓಡಿ ಬಂದರು. ಗೇಟು ಮುಚ್ಚಿತು, ಕಾರು ಒಳಗೇ ಉಳಿಯಿತು. ಫೋನೆತ್ತಿದ ಅಪ್ಪ, "ದಾರೀಲಿದೀನಿ ಮೇಡಂ, ಸ್ವಲ್ಪ ಲೇಟಾಯ್ತು" ಎಂದ. ಅವನ ಕೈಗೆ ಏನೂ ಆಗಿರಲಿಲ್ಲ.

ಸಿಕ್ಕಿಬಿದ್ದವನ ಫೋನಿನಲ್ಲಿ ಪೊಲೀಸರಿಗೆ ಕ್ಲಬ್ಬಿನ ಪುಟದ ಫೋಟೊಗಳು ಸಿಕ್ಕವು. ಅವನು ಆ ಬಡಗಿಯ ಮುಖವನ್ನೇ ಕಂಡವನಲ್ಲ. ಹೇಳಿದ್ದೆಲ್ಲ ಮೇಡಂ ಬರೆದಿದ್ದ ಮಾತುಗಳೇ.

"ಅಣ್ಣನ ವಿಷಯ ಕೇಳು ಅಂತ ನಿಂಗೆ ಯಾರಮ್ಮ ಹೇಳ್ಕೊಟ್ಟಿದ್ದು?" ಎಂದು ಇನ್‌ಸ್ಪೆಕ್ಟರ್ ಕೇಳಿದರು.

"ಯಾರೂ ಇಲ್ಲ ಸರ್. ಅವನು ಹೇಳಿದ್ದೆಲ್ಲ ಪುಟದಲ್ಲಿತ್ತು. ಹಂಗಾಗಿ, ಎಲ್ಲೂ ಇಲ್ಲದ್ದನ್ನ ಕೇಳಿದೆ."

ಅದನ್ನು ಕೇಳಿ ಮೇಡಂ ಹೆಮ್ಮೆಯಿಂದ ಹುಡುಗಿಯ ಬೆನ್ನು ತಟ್ಟಿದರು. ಯಾವ ಪದಕಕ್ಕೂ ಅವರು ಹಾಗೆ ಉಬ್ಬಿದವರಲ್ಲ. ಅವನಿಗೆ ದಾರಿ ತೋರಿದ್ದು ತಾವು ಬರೆದ ಮಾತುಗಳೇ ಎಂಬುದು ಒಳಗೊಳಗೇ ಚುಚ್ಚುತ್ತಿತ್ತು, ಅದು ಬೇರೆ ಮಾತು.

ಮರುದಿನ ಅವರು ಹುಡುಗಿಯನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಪುಟ ತೆರೆದು ಫೋಟೊಗಳನ್ನೆಲ್ಲ ತೆಗೆದರು.

"ಪದಕದ ಫೋಟೊ ಹಾಕಿ ಮೇಡಂ. ಮುಖ, ಶಾಲೆ, ಟೈಮು ಬೇಡ. ಹಾಕೋ ಮುಂಚೆ ನಮ್ಮನ್ನ ಒಂದು ಮಾತು ಕೇಳಿ," ಎಂದಳು ಹುಡುಗಿ. ತನ್ನ ಫೋನಿನಲ್ಲಿ ಮನೆಯ ಬೀದಿ ಕಾಣುತ್ತಿದ್ದ ಸೆಲ್ಫಿಗಳನ್ನೂ ಅಳಿಸಿದಳು.

ಭಾನುವಾರ ಚಿಕ್ಕ ಮಕ್ಕಳನ್ನು ಕೊಳದ ಮೆಟ್ಟಿಲ ಮೇಲೆ ಕೂರಿಸಿ ಮಾತಾಡಿದ್ದೂ ಅವಳೇ. ಮೇಡಂ ಅಂದು ಮಕ್ಕಳ ಸಾಲಿನಲ್ಲೇ ಕೂತರು.

"ನಂಗೆ ನಿಜವಾಗ್ಲೂ ಅಣ್ಣ ಇದಾನಲ್ಲಕ್ಕ, ಏನ್ ಮಾಡ್ಲಿ?" ಎಂದಿತು ಒಂದು ಪುಟಾಣಿ.

"ಹಂಗಾದ್ರೆ ಇಲ್ಲದ ತಂಗೀನ ಕೇಳು."

ಮಕ್ಕಳು ಗೊಳ್ಳೆಂದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕಿದ್ದು ಮೇಡಂ.